ದುಡಿಯುವ ಕೈಗೆ ಎರಡನೆಯ ಚಿಕಿತ್ಸೆ

ಆಸ್ಪತ್ರೆಯಿಂದ ಬಿಡುಗಡೆ ಹೊಂದಿದ ಮಾತ್ರಕ್ಕೆ ರೋಗಿಯು ಗುಣವಾದನೆಂದು ತಿಳಿಯುವ ರೂಢಿಯು ನಮ್ಮ ಜನರಲ್ಲಿ ಬಲವಾಗಿ ಬೇರೂರಿದೆ. ಮುರಿದ ಎಲುಬು ಕೂಡಿತು, ಪ್ಲಾಸ್ಟರು ತೆಗೆದದ್ದಾಯಿತು, ಹೊಲಿಗೆ ಬಿಚ್ಚಿದ್ದಾಯಿತು; ಇನ್ನೇನು ಉಳಿದಿದೆ ಎಂದು ಕೇಳುವವರೇ ಬಹುಮಂದಿ. ಆದರೆ ಕೂಡಿದ ಎಲುಬಿನ ಕೈಯು ಕಾವಲಿಯ ಮೇಲೆ ದೋಸೆಯ ಹಿಟ್ಟನ್ನು ಹರಡಬಲ್ಲುದೇ, ಹೊಲಿಗೆ ಬಿಚ್ಚಿದ ಕಾಲು ಹತ್ತು ತಾಸು ನಿಲ್ಲಬಲ್ಲುದೇ ಎಂಬ ಪ್ರಶ್ನೆಗೆ ಉತ್ತರ ದೊರೆಯುವ ತನಕ ದುಡಿಯುವ ಮನುಷ್ಯನ ಮಟ್ಟಿಗೆ ಚಿಕಿತ್ಸೆ ಮುಗಿದಿಲ್ಲವೆಂದೇ ಹೇಳಬೇಕು. ವೈದ್ಯರು ಇದನ್ನು ಬಲ್ಲರು. ಆದುದರಿಂದಲೇ ಅವರು ಚೀಟಿಯ ಕೊನೆಯ ಸಾಲಿನಲ್ಲಿ 'ಫಿಸಿಯೋಥೆರಪಿ' ಎಂಬ ಒಂದು ಶಬ್ದವನ್ನು ಬರೆದುಕೊಡುತ್ತಾರೆ. ಔಷಧದ ಅಂಗಡಿಯಲ್ಲಿ ದೊರೆಯುವ ವಸ್ತು ಅದಲ್ಲವಾದ್ದರಿಂದ ಆ ಶಬ್ದವು ಚೀಟಿಯಲ್ಲಿಯೇ ಉಳಿದುಹೋಗುತ್ತದೆ.

ಈ ವಿಷಯವನ್ನು ಇಂದು ನಾವು ಎತ್ತಿಕೊಳ್ಳುವುದಕ್ಕೆ ಕಾರಣವಿದೆ. ನಮ್ಮ ಓದುಗರಲ್ಲಿ ಹೆಚ್ಚಿನವರು ಸ್ವಂತ ದೇಹವನ್ನೇ ಬಂಡವಾಳವಾಗಿಟ್ಟು ಬದುಕುವವರು. ಉಡುಪಿ, ಕುಂದಾಪುರ, ಕಾರ್ಕಳಗಳಿಂದಲೂ, ಉತ್ತರ ಕನ್ನಡ, ವಿಜಯಪುರ, ಬೀದರಗಳಿಂದಲೂ ಹೊರಟು ನಾಶಿಕ ಮತ್ತು ಛತ್ರಪತಿ ಸಂಭಾಜಿನಗರಗಳಲ್ಲಿ ಅನ್ನದ ದಾರಿ ಕಂಡುಕೊಂಡವರು. ಬೆಳಗು ಹರಿಯುವ ಮೊದಲೇ ಭಟ್ಟಿಯ ಮುಂದೆ ನಿಲ್ಲುವ ಭಟ್ಟರು, ಮೋರಿಯ ಬಳಿ ಬಾಗಿ ತಾಟು ತಿಕ್ಕುವ ಹುಡುಗರು, ಒಂದು ಕೈಯಲ್ಲಿ ನಾಲ್ಕು ಬಸಿ ಹಿಡಿದು ಓಡಾಡುವ ಸಪ್ಲಾಯರರು, ಗಲ್ಲೆಯ ಮೇಲೆ ಬಗ್ಗಿ ಕುಳಿತ ಮ್ಯಾನೇಜರರು, ಕಾರಖಾನೆಯ ಕಚೇರಿಗಳಲ್ಲಿ ಕಂಪ್ಯೂಟರಿನೆದುರು ದಿನ ಕಳೆಯುವ ಗುಮಾಸ್ತರು, ಇವರೆಲ್ಲರ ಜೀವನವು ಸೊಂಟ, ಭುಜ, ಮಣಿಕಟ್ಟು, ಮಂಡಿ, ಹಿಮ್ಮಡಿಗಳ ಮೇಲೆ ನಿಂತಿದೆ. ಹೋಟೆಲಿನ ವ್ಯವಹಾರದಲ್ಲಿ ಬಹುಕಾಲ ಇದ್ದು ಈ ಲೇಖನಿಯನ್ನು ಹಿಡಿದ ನಾವು ಒಂದು ಸಂಗತಿಯನ್ನು ಪದೇ ಪದೇ ಕಂಡಿದ್ದೇವೆ. 'ಸೊಂಟ ಹಿಡಿದಿದೆ ಅಣ್ಣ, ಊರಿಗೆ ಹೋಗಿ ಹದಿನೈದು ದಿವಸ ಮಲಗಿ ಬರುತ್ತೇನೆ' ಎಂದು ಹೊರಟವರಲ್ಲಿ ಕೆಲವರು ಮರಳಲೇ ಇಲ್ಲ. ಮರಳಿದ ಕೆಲವರಿಗೆ ಅವರ ಹಳೆಯ ಜಾಗ ಉಳಿದಿರಲಿಲ್ಲ. ನಾಲ್ವತ್ತು ವರ್ಷಕ್ಕೇ ದುಡಿಮೆಯಿಂದ ನಿವೃತ್ತಿ ಹೊಂದುವುದು ದೊಡ್ಡ ಅಧಿಕಾರಿಗೆ ಸುಖವಾಗಬಹುದು. ತಿಂಗಳ ಪಗಾರದಲ್ಲಿ ಊರಿನ ಸಂಸಾರವನ್ನು ಸಾಗಿಸುವವನಿಗೆ ಅದು ಸರ್ವನಾಶ.

ಫಿಸಿಯೋಥೆರಪಿ ಎಂದರೇನು? ಮರಾಠಿಯಲ್ಲಿ ಇದನ್ನು 'ಭೌತಿಕೋಪಚಾರ' ಎಂದು ಕರೆಯುತ್ತಾರೆ. ನಾಶಿಕದ ರಸ್ತೆಗಳಲ್ಲಿ ಈ ಶಬ್ದದ ಫಲಕಗಳನ್ನು ನಮ್ಮವರು ನೋಡಿರಬಹುದು. ಮಾತ್ರೆಯನ್ನಾಗಲಿ ಶಸ್ತ್ರವನ್ನಾಗಲಿ ಮುಖ್ಯವಾಗಿ ಅವಲಂಬಿಸದೆ, ವ್ಯಾಯಾಮ, ಕೈಯ ಚಿಕಿತ್ಸೆ, ಶಾಖ, ಶೈತ್ಯ, ವಿದ್ಯುತ್ತು ಮೊದಲಾದ ಭೌತ ಸಾಧನಗಳಿಂದ ದೇಹದ ಚಲನಶಕ್ತಿಯನ್ನು ಮರಳಿಸುವ ವಿದ್ಯೆ ಇದು. ಫಿಸಿಯೋಥೆರಪಿಸ್ಟರು ಮೊದಲು ರೋಗಿಯನ್ನು ಪರೀಕ್ಷಿಸುತ್ತಾರೆ. ಕೀಲು ಎಷ್ಟು ಬಾಗುತ್ತದೆ, ಸ್ನಾಯುವಿಗೆ ಎಷ್ಟು ಬಲವಿದೆ, ನಡಿಗೆ ಎಲ್ಲಿ ತಪ್ಪುತ್ತದೆ, ನೋವು ಯಾವ ಚಲನೆಯಿಂದ ಹೆಚ್ಚುತ್ತದೆ, ಯಾವುದರಿಂದ ಇಳಿಯುತ್ತದೆ ಎಂಬುದನ್ನು ಅಳೆದು ಬರೆದುಕೊಳ್ಳುತ್ತಾರೆ. ಅನಂತರ ಆ ಮನುಷ್ಯನ ಉದ್ಯೋಗವನ್ನು ವಿಚಾರಿಸುತ್ತಾರೆ. ಇದು ಗಮನಿಸತಕ್ಕ ವಿಷಯ. ಗುಮಾಸ್ತನಿಗೂ ದೋಸೆಯ ಭಟ್ಟರಿಗೂ ಒಂದೇ ಭುಜದ ನೋವು ಬಂದಿದ್ದರೂ ಇಬ್ಬರಿಗೂ ಬೇಕಾದ ಬಲ ಒಂದೇ ಅಲ್ಲ. ಆದುದರಿಂದ ವ್ಯಾಯಾಮವೂ ಒಂದೇ ಆಗಿರಲಾರದು.

ಈ ವಿದ್ಯೆಯು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1813ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಪೆರ್ ಹೆನ್ರಿಕ್ ಲಿಂಗ್ ಎಂಬವರು ಅಂಗಸಾಧನೆಯ ಸಂಸ್ಥೆಯೊಂದನ್ನು ಸ್ಥಾಪಿಸಿ ವ್ಯಾಯಾಮಕ್ಕೆ ಚಿಕಿತ್ಸೆಯ ಸ್ಥಾನವನ್ನು ಕೊಟ್ಟರು. 1894ರಲ್ಲಿ ಇಂಗ್ಲೆಂಡಿನ ನಾಲ್ವರು ದಾದಿಯರು ಸೇರಿ ತಮ್ಮ ವೃತ್ತಿಗೆ ಸಂಘವನ್ನು ಕಟ್ಟಿದರು. ಮೊದಲನೆಯ ಮಹಾಯುದ್ಧವು ಕೈಕಾಲು ಕಳೆದುಕೊಂಡ ಅಸಂಖ್ಯ ಸೈನಿಕರನ್ನು ಮನೆಗಳಿಗೆ ಕಳುಹಿಸಿದಾಗ ಈ ವಿದ್ಯೆಯ ಬೆಲೆ ಜಗತ್ತಿಗೆ ತಿಳಿಯಿತು. ನಮ್ಮ ದೇಶದಲ್ಲಿ ಇದಕ್ಕೆ ಬುನಾದಿ ಬಿದ್ದದ್ದು ಮುಂಬಯಿಯಲ್ಲಿ. 1950ರ ದಶಕದ ಆರಂಭದಲ್ಲಿ ಪೋಲಿಯೋ ಬೇನೆಯಿಂದ ಕಾಲು ಸೋತ ಮಕ್ಕಳ ಸಂಖ್ಯೆ ಬೆಳೆದಾಗ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಯ ಶಿಕ್ಷಣ ಆರಂಭವಾಯಿತು. 1955ರಲ್ಲಿ ಭಾರತೀಯ ಫಿಸಿಯೋಥೆರಪಿಸ್ಟರ ಸಂಘವು ಹುಟ್ಟಿತು. ಪೋಲಿಯೋ ನಮ್ಮ ದೇಶದಿಂದ ಹೋಯಿತು. 2014ರ ಮಾರ್ಚಿಯಲ್ಲಿ ಭಾರತವು ಪೋಲಿಯೋಮುಕ್ತವೆಂದು ಪ್ರಮಾಣಪತ್ರ ಪಡೆಯಿತು. ಆದರೆ ಆ ಬೇನೆಯ ನಿಮಿತ್ತವಾಗಿ ಬಂದ ವಿದ್ಯೆಯು ಉಳಿದು ಬೆಳೆಯಿತು.

ನಮ್ಮ ಎರಡು ನಗರಗಳ ಮಟ್ಟಿಗಂತೂ ಈ ವಿದ್ಯೆಯು ಮನೆಯ ಬಾಗಿಲಿಗೇ ಬಂದಿದೆ ಎನ್ನಬೇಕು. ಮಹಾರಾಷ್ಟ್ರದ ಆರೋಗ್ಯವಿಜ್ಞಾನ ವಿಶ್ವವಿದ್ಯಾನಿಲಯವು 1998ರಲ್ಲಿ ಸ್ಥಾಪಿತವಾಗಿ ನಾಶಿಕದಲ್ಲಿಯೇ ನೆಲೆಸಿದೆ; ರಾಜ್ಯದ ಅನೇಕ ಫಿಸಿಯೋಥೆರಪಿ ಕಾಲೇಜುಗಳ ಪದವಿಗೆ ಮುದ್ರೆ ಬೀಳುವುದು ಇಲ್ಲಿಂದ. ಮರಾಠಾ ವಿದ್ಯಾ ಪ್ರಸಾರಕ ಸಮಾಜದ ಫಿಸಿಯೋಥೆರಪಿ ಕಾಲೇಜು ಇದೇ ನಾಶಿಕದಲ್ಲಿದೆ. 2023ರಲ್ಲಿ ಔರಂಗಾಬಾದೆಂಬ ಹೆಸರನ್ನು ಬಿಟ್ಟು ಛತ್ರಪತಿ ಸಂಭಾಜಿನಗರವಾದ ಊರಿನಲ್ಲಿ ಮಹಾತ್ಮಾ ಗಾಂಧಿ ಮಿಷನ್ನಿನ ಫಿಸಿಯೋಥೆರಪಿ ಶಿಕ್ಷಣ ಸಂಸ್ಥೆಯುಂಟು. 1956ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆಯೂ ಅಲ್ಲಿಯೇ ಇದೆ. ಅದನ್ನು 'ಘಾಟಿ' ಎಂದರೆ ರಿಕ್ಷಾದವನೂ ಬಲ್ಲ. ಇಷ್ಟೆಲ್ಲ ಇದ್ದೂ ನಮ್ಮ ಹೋಟೆಲಿನ ಹುಡುಗರು ನೋವಿನ ಮುಲಾಮನ್ನೂ ಮಾತ್ರೆಯನ್ನೂ ಕೊಂಡು ದಿನ ನೂಕುವುದು ಬಾವಿಯ ಕಟ್ಟೆಯ ಮೇಲೆ ಕುಳಿತು ಬಾಯಾರಿದಂತೆ.

ಮೊದಲಿಗೆ ಸೊಂಟದ ಮಾತನ್ನೇ ತೆಗೆದುಕೊಳ್ಳೋಣ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನ 61 ಕೋಟಿ 90 ಲಕ್ಷ ಜನ ಸೊಂಟನೋವಿನಿಂದ ಬಳಲುತ್ತಿದ್ದರು. ಮನುಷ್ಯನ ದುಡಿಮೆಯನ್ನು ಕುಂಠಿತಗೊಳಿಸುವ ಕಾರಣಗಳಲ್ಲಿ ಇದಕ್ಕೇ ಅಗ್ರಸ್ಥಾನ. ನಮ್ಮ ಭಟ್ಟಿಯ ಮನೆಗಳಲ್ಲಿ ಇದು ಏಕೆ ಬರುತ್ತದೆಂಬುದನ್ನು ಹೇಳಬೇಕಾದ್ದಿಲ್ಲ. ಹಿಟ್ಟು ತುಂಬಿದ ಹಂಡೆಯನ್ನು ನೆಲದಿಂದ ಎತ್ತುವುದು, ಅಕ್ಕಿಯ ಮೂಟೆಯನ್ನು ಹೆಗಲಿಗೇರಿಸಿ ಓರೆಯಾಗಿ ತಿರುಗುವುದು, 19 ಕಿಲೋ ಅನಿಲದ ಸಿಲಿಂಡರನ್ನು ಉರುಳಿಸದೆ ಎತ್ತಿ ಒಯ್ಯುವುದು ನಿತ್ಯದ ಕೆಲಸಗಳು. ಕಬ್ಬಿಣದ ತೂಕ ಸೇರಿದರೆ ಆ ಸಿಲಿಂಡರು ಅನಿಲದ ಸುಮಾರು ಇಮ್ಮಡಿ ಭಾರವಾಗುತ್ತದೆ.

ಸೊಂಟ ಹಿಡಿದವನು ಹಾಸಿಗೆ ಹಿಡಿಯಬೇಕೆಂಬುದು ನಮ್ಮ ಹಿರಿಯರ ನಂಬಿಕೆ. ಒಂದು ಕಾಲಕ್ಕೆ ವೈದ್ಯರ ಸಲಹೆಯೂ ಅದೇ ಆಗಿತ್ತು. ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದವರು ಫಿನ್ಲೆಂಡಿನವರು. ಹೆಲ್ಸಿಂಕಿ ನಗರದ ನೌಕರರಲ್ಲಿ ಹೊಸದಾಗಿ ಸೊಂಟನೋವು ಬಂದ 186 ಮಂದಿಯನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಎರಡು ದಿವಸ ಹಾಸಿಗೆಯ ವಿಶ್ರಾಂತಿಯನ್ನೂ, ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮವನ್ನೂ, ಮತ್ತೊಂದಕ್ಕೆ ನೋವು ಸಹಿಸುವ ಮಟ್ಟಿಗೆ ಎಂದಿನ ಓಡಾಟವನ್ನೂ ವಿಧಿಸಿದರು. 1995ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎಂದಿನ ಓಡಾಟವನ್ನು ಬಿಡದವರೇ ಬೇಗ ಚೇತರಿಸಿಕೊಂಡರು. ಮಲಗಿದವರು ಎಲ್ಲರಿಗಿಂತ ಹಿಂದೆ ಬಿದ್ದರು. ಹೊಸ ನೋವಿನ ಮೊದಲ ದಿವಸಗಳಲ್ಲಿ ವ್ಯಾಯಾಮಕ್ಕೂ ಆತುರ ಬೇಡವೆಂಬುದು ಇದರಿಂದ ತಿಳಿಯುತ್ತದೆ. ಆದರೆ ವಾರಗಳು ಕಳೆದರೂ ನೋವು ಇಳಿಯದಿದ್ದರೆ, ಅಥವಾ ತಿಂಗಳಿಗೊಮ್ಮೆ ಮರಳಿ ಮರಳಿ ಬರುತ್ತಿದ್ದರೆ, ಆಗ ಫಿಸಿಯೋಥೆರಪಿಸ್ಟರ ಬಳಿ ಹೋಗಿ ಬೆನ್ನಿನ ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಲಪಡಿಸಿಕೊಳ್ಳುವುದೂ ಭಾರ ಎತ್ತುವ ಕ್ರಮವನ್ನು ಕಲಿಯುವುದೂ ಅವಶ್ಯ. ಊರಿನ ಚಾಪೆಯ ಮೇಲೆ ಹದಿನೈದು ದಿವಸ ಮಲಗಿ ಬಂದವನ ಸೊಂಟವು ಹೋಗುವಾಗ ಇದ್ದುದಕ್ಕಿಂತ ಬಲಹೀನವಾಗಿಯೇ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯಲಾಗದು. ಸೊಂಟನೋವಿನೊಡನೆ ಮೂತ್ರದ ಮೇಲಿನ ಹತೋಟಿ ತಪ್ಪಿದರೆ, ತೊಡೆಗಳ ಸಂದಿಯಲ್ಲಿ ಸ್ಪರ್ಶಜ್ಞಾನ ಹೋದರೆ, ಕಾಲಿನ ಬಲ ಕುಂದುತ್ತ ಬಂದರೆ, ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ, ಇಲ್ಲವೆ ಬಿದ್ದ ನಂತರ ನೋವು ಆರಂಭವಾದರೆ, ಮೊದಲು ಹೋಗಬೇಕಾದದ್ದು ಆಸ್ಪತ್ರೆಯ ವೈದ್ಯರ ಬಳಿಗೆ. ಮೂತ್ರದ ಹತೋಟಿ ತಪ್ಪಿದಾಗ ಮರುದಿನದ ತನಕವೂ ಕಾಯಕೂಡದು. ಒಳ್ಳೆಯ ಫಿಸಿಯೋಥೆರಪಿಸ್ಟರೂ ಇಂಥ ರೋಗಿಯನ್ನು ತಾವೇ ವೈದ್ಯರಲ್ಲಿಗೆ ಕಳುಹಿಸುತ್ತಾರೆ.

ಸೊಂಟದ ನಂತರ ಕೈಗೆ ಬರೋಣ. ಒದ್ದೆ ಬಟ್ಟೆಯನ್ನು ಹಿಂಡಿ ಮೇಜು ಒರೆಸುವ, ಸಟ್ಟುಗ ತಿರುಗಿಸುವ ಕೆಲಸದವರಿಗೆ ಮೊಣಕೈಯ ಹೊರಬದಿಯಲ್ಲಿ ಬರುವ ನೋವಿಗೆ ವೈದ್ಯಶಾಸ್ತ್ರದಲ್ಲಿ 'ಟೆನಿಸ್ ಎಲ್ಬೋ' ಎಂಬ ಹೆಸರಿದೆ. ಟೆನಿಸ್ ಆಟವನ್ನು ಕಣ್ಣಿನಿಂದಲೂ ನೋಡದ ನಮ್ಮ ಹುಡುಗರಿಗೆ ಆ ಆಟದ ಬೇನೆಯು ಬರುವುದು ವಿನೋದವೇ ಸರಿ. ಆದರೆ ಆ ನೋವಿನಿಂದ ನೀರಿನ ಜಗ್ಗನ್ನೂ ಎತ್ತಲಾರದೆ ಹೋದಾಗ ವಿನೋದವು ಉಳಿಯುವುದಿಲ್ಲ. ಭುಜವು ಹೆಪ್ಪುಗಟ್ಟಿದಂತೆ ಬಿಗಿಯುವ ಇನ್ನೊಂದು ಬೇನೆಯುಂಟು. ಸಿಹಿಮೂತ್ರದ ರೋಗಿಗಳಲ್ಲಿ ಇದು ಅಧಿಕ. ಅಂಗಿಯ ತೋಳನ್ನು ಹಾಕಲಾಗದು, ಮೇಲಿನ ಹಲಗೆಯ ಡಬ್ಬಿಯನ್ನು ಇಳಿಸಲಾಗದು. ತಾನಾಗಿ ಸಡಿಲಲು ಬಿಟ್ಟರೆ ವರ್ಷಗಳೇ ಹಿಡಿಯಬಹುದು. ಈ ಎರಡರಲ್ಲಿಯೂ ಕ್ರಮವಾಗಿ ಏರಿಸುತ್ತ ಹೋಗುವ ವ್ಯಾಯಾಮವೇ ಚಿಕಿತ್ಸೆಯ ಮುಖ್ಯಾಂಗ. ದಿನವಿಡೀ ನಿಲ್ಲುವವರಿಗೆ ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟೊಡನೆ ಹಿಮ್ಮಡಿಯಲ್ಲಿ ಮೊಳೆ ಚುಚ್ಚಿದಂತಾಗುವ ನೋವಿಗೂ ಮೀನಖಂಡವನ್ನೂ ಅಂಗಾಲನ್ನೂ ಹಿಗ್ಗಿಸುವ ಸರಳ ವ್ಯಾಯಾಮಗಳೂ ಮೆತ್ತನೆಯ ಅಡಿಯ ಪಾದರಕ್ಷೆಯೂ ಗುಣಕಾರಿ. ತೆಳುವಾದ ರಬ್ಬರು ಚಪ್ಪಲಿಯಲ್ಲಿ ಒದ್ದೆ ನೆಲದ ಮೇಲೆ ಹತ್ತು ತಾಸು ನಿಲ್ಲಿಸುವ ಹೋಟೆಲುಗಳು ಈ ನೋವನ್ನು ತಾವೇ ತಯಾರಿಸುತ್ತವೆ.

ಗುಮಾಸ್ತ ಬಂಧುಗಳು ತಮಗೆ ಇದು ಸಂಬಂಧಿಸಿದ್ದಲ್ಲವೆಂದು ತಿಳಿಯಬಾರದು. ಸಾತಪುರ, ಅಂಬಡ, ಚಿಕಲಠಾಣಾ, ವಾಳೂಜಗಳ ಕಾರಖಾನೆಗಳ ಕಚೇರಿಯಲ್ಲಿ ತಲೆಯನ್ನು ಮುಂದಕ್ಕೆ ಚಾಚಿ ಕುಳಿತುಕೊಳ್ಳುವವರ ಕುತ್ತಿಗೆಯೂ ಭುಜದ ಸ್ನಾಯುಗಳೂ ಬಿಗಿಯುವುದು ಸಹಜ. ಮಣಿಕಟ್ಟಿನಲ್ಲಿ ನರವು ಅದುಮಿದಾಗ ರಾತ್ರಿ ಬೆರಳುಗಳು ಜೋಮು ಹಿಡಿದು ಎಚ್ಚರವಾಗುತ್ತದೆ. ಕೈ ಕೊಡವಿದರೆ ಅರೆಗಳಿಗೆ ಹಗುರವೆನಿಸುತ್ತದೆ. ಇದನ್ನು ವಾತವೆಂದು ಬದಿಗೊತ್ತಿ ವರ್ಷ ಕಳೆದರೆ ಹೆಬ್ಬೆರಳಿನ ಬುಡದ ಸ್ನಾಯು ಸೊರಗುತ್ತದೆ. ಆರಂಭದಲ್ಲಿ ತೋರಿಸಿದರೆ ರಾತ್ರಿ ಕಟ್ಟಿಕೊಳ್ಳುವ ಪಟ್ಟಿ, ಕೂರುವ ರೀತಿಯ ತಿದ್ದುಪಡಿ, ಕೆಲವು ವ್ಯಾಯಾಮಗಳಿಂದ ಬಹುಮಂದಿಗೆ ಉಪಶಮನವಾಗುತ್ತದೆ. ಅರ್ಧ ತಾಸಿಗೊಮ್ಮೆ ಕುರ್ಚಿಯಿಂದೇಳುವುದಕ್ಕೆ ಯಾವ ಖರ್ಚೂ ಇಲ್ಲ.

ಎಲುಬು ಮುರಿದವರ ವಿಷಯದಲ್ಲಿ ನಾವು ಕಣ್ಣಾರೆ ಕಂಡ ಎರಡು ಸಂದರ್ಭಗಳನ್ನು ಇಲ್ಲಿ ಹೇಳುವುದು ಉಚಿತ. ಇಬ್ಬರೂ ದೋಸೆಯ ಭಟ್ಟರು. ಒಬ್ಬರು ನಾಶಿಕದಲ್ಲಿ, ಇನ್ನೊಬ್ಬರು ಸಂಭಾಜಿನಗರದಲ್ಲಿ. ಇಬ್ಬರೂ ಮೋರಿಯ ಬಳಿ ಜಾರಿ ಬಲಗೈಯ ಮಣಿಕಟ್ಟನ್ನು ಮುರಿದುಕೊಂಡವರು. ಆರು ವಾರ ಪ್ಲಾಸ್ಟರಿನಲ್ಲಿದ್ದ ಕೈ ಹೊರಬಂದಾಗ ಇಬ್ಬರ ಬೆರಳುಗಳೂ ಕಟ್ಟಿಗೆಯಂತಿದ್ದವು. ಇದರಲ್ಲಿ ಆಶ್ಚರ್ಯವಿಲ್ಲ, ಚಲಿಸದ ಸ್ನಾಯು ಬಡಕಲಾಗುತ್ತದೆ, ಚಲಿಸದ ಕೀಲಿನ ಸುತ್ತಲಿನ ಪೊರೆ ಬಿಗಿಯುತ್ತದೆ. ಒಬ್ಬರಿಗೆ ಮಾಲಿಕರು ಮಧ್ಯಾಹ್ನದ ಹೊತ್ತು ಬಿಡುವು ಕೊಟ್ಟರು. ಅವರು ಎರಡು ತಿಂಗಳು ವಾರಕ್ಕೆ ಮೂರು ದಿವಸ ಫಿಸಿಯೋಥೆರಪಿಗೆ ಹೋದರು. ಬೆಚ್ಚನೆಯ ಮೇಣದಲ್ಲಿ ಕೈ ಅದ್ದಿ ಬಿಗಿತವನ್ನು ಸಡಿಲಿಸಿಕೊಂಡರು, ಚೆಂಡನ್ನು ಹಿಸುಕಿದರು, ಮಣಿಕಟ್ಟನ್ನು ತಿರುಗಿಸುವ ಸಾಧನೆ ಮಾಡಿದರು. ಹಿಟ್ಟಿನ ಹಂಡೆಯನ್ನು ಒಬ್ಬರೇ ಎತ್ತುವ ಹಳೆಯ ಬಲ ಅವರಿಗೆ ಪೂರ್ತಿಯಾಗಿ ಮರಳಲಿಲ್ಲ. ಆದರೆ ಕಾವಲಿಯ ಮುಂದಿನ ಜಾಗ ಮರಳಿತು. ಇನ್ನೊಬ್ಬರಿಗೆ ಬಿಡುವು ಸಿಗಲಿಲ್ಲ. ಕೈಯನ್ನು ಜೋಳಿಗೆಯಲ್ಲಿ ತೂಗುಹಾಕಿಕೊಂಡು ಊರಿಗೆ ಹೋದರು. ನಾಲ್ಕು ತಿಂಗಳ ಮೇಲೆ ಬಂದಾಗ ಎಲುಬು ಕೂಡಿತ್ತು, ಮುಷ್ಟಿ ಕೂಡುತ್ತಿರಲಿಲ್ಲ. ಮೂವತ್ತೆಂಟು ವರ್ಷದ ಆ ಕಸಬುದಾರನು ಅನಂತರ ಅರ್ಧ ಪಗಾರಕ್ಕೆ ಗಿರಾಕಿಗಳಿಗೆ ನೀರು ಕೊಡುವ ಕೆಲಸ ಮಾಡುತ್ತಿದ್ದುದನ್ನು ನಾವು ಕಂಡೆವು. ಮೂಳೆಯ ವೈದ್ಯರ ಕೆಲಸ ಎರಡೂ ಕಡೆ ಚೆನ್ನಾಗಿಯೇ ನಡೆದಿತ್ತು. ವ್ಯತ್ಯಾಸವಾದದ್ದು ಎರಡನೆಯ ಚಿಕಿತ್ಸೆಯಲ್ಲಿ.

ಲಕ್ವದ ವಿಷಯದಲ್ಲಿ ಈ ವ್ಯತ್ಯಾಸವು ಇನ್ನೂ ದೊಡ್ಡದು. ಮುಖ ಸೊಟ್ಟಗಾಗುವುದು, ಒಂದು ಕೈ ಜೋತುಬೀಳುವುದು, ಮಾತು ತೊದಲುವುದು, ಇವುಗಳಲ್ಲಿ ಯಾವುದೇ ಒಂದು ಥಟ್ಟನೆ ಕಂಡರೂ ರೋಗಿಯನ್ನು ಕೂಡಲೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ರಕ್ತದ ಗಡ್ಡೆಯನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕಾಗುತ್ತದೆ. ಜೀವ ಉಳಿದು, ಸ್ಥಿತಿ ಸ್ಥಿರವಾದ ನಂತರ ಕೆಲವೇ ದಿವಸಗಳಲ್ಲಿ ಫಿಸಿಯೋಥೆರಪಿಸ್ಟರು ಹಾಸಿಗೆಯ ಬಳಿಗೆ ಬರುತ್ತಾರೆ. ಮಿದುಳಿನ ಒಂದು ಭಾಗ ನಷ್ಟವಾದರೂ ಉಳಿದ ಭಾಗವು ಪುನಃಪುನಃ ಅಭ್ಯಾಸದಿಂದ ಹೊಸದಾಗಿ ಕಲಿಯಬಲ್ಲುದೆಂಬುದೇ ಈ ಚಿಕಿತ್ಸೆಯ ತಳಹದಿ. ಮಗುವು ನೂರು ಸಲ ಬಿದ್ದು ನಡೆಯಲು ಕಲಿತಂತೆ, ರೋಗಿಯು ಲೋಟವನ್ನು ಹಿಡಿಯುವ ಒಂದೇ ಚಲನೆಯನ್ನು ದಿನಕ್ಕೆ ನೂರಾರು ಸಲ ಮಾಡಬೇಕಾಗುತ್ತದೆ. ಮೊದಲ ಕೆಲವು ತಿಂಗಳುಗಳಲ್ಲಿ ಸುಧಾರಣೆ ವೇಗವಾಗಿರುತ್ತದೆ. ಆ ತಿಂಗಳುಗಳನ್ನು ಹರಕೆ, ಎಣ್ಣೆ, ಊರಿಂದೂರಿಗೆ ಅಲೆದಾಟಗಳಲ್ಲಿ ಕಳೆದರೆ ಆ ನಷ್ಟ ಮುಂದೆ ತುಂಬುವುದು ಕಷ್ಟ. ಹರಕೆಯನ್ನು ನಾವು ಬೇಡವೆನ್ನುವುದಿಲ್ಲ. ವ್ಯಾಯಾಮವನ್ನು ಅದರ ಜೊತೆಗೆ ಮಾಡಬಹುದಲ್ಲ! ಮನೆಯವರು ನೆನಪಿಡಬೇಕಾದ ಒಂದು ಮಾತು: ಲಕ್ವ ಹೊಡೆದ ಕೈಯನ್ನು ಹಿಡಿದು ಜಗ್ಗಿ ರೋಗಿಯನ್ನು ಏಳಿಸಕೂಡದು. ಬಲವಿಲ್ಲದ ಭುಜದ ಕೀಲು ಅದರಿಂದ ಸಡಿಲಗೊಂಡು ಹೊಸ ನೋವಿಗೆ ದಾರಿಯಾಗುತ್ತದೆ.

ಇವಲ್ಲದೆ ಮಂಡಿಯ ಶಸ್ತ್ರಚಿಕಿತ್ಸೆಯಾದವರಿಗೆ, ಹೃದಯದ ಶಸ್ತ್ರಚಿಕಿತ್ಸೆಯಾದವರಿಗೆ, ಶ್ವಾಸಕೋಶದಲ್ಲಿ ಕಫ ಕಟ್ಟಿದವರಿಗೆ, ಸುಟ್ಟಗಾಯದಿಂದ ಚರ್ಮ ಬಿಗಿದವರಿಗೆ ಈ ಚಿಕಿತ್ಸೆ ಬೇಕಾಗುತ್ತದೆ. 2020 ಮತ್ತು 2021ರ ಕೊರೋನಾ ಹಾವಳಿಯಲ್ಲಿ ಉಸಿರಾಟದ ವ್ಯಾಯಾಮವನ್ನು ಕಲಿಸಿ ರೋಗಿಗಳನ್ನು ಮತ್ತೆ ನಡೆಯುವಂತೆ ಮಾಡಿದವರಲ್ಲಿ ಫಿಸಿಯೋಥೆರಪಿಸ್ಟರೂ ಇದ್ದರೆಂಬುದನ್ನು ಮರೆಯಬಾರದು. ಕುದಿಯುವ ಎಣ್ಣೆಯ ಬಳಿ ಕೆಲಸ ಮಾಡುವ ನಮ್ಮವರಿಗೆ ಸುಟ್ಟಗಾಯದ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಬೆರಳುಗಳ ಚರ್ಮ ಮಾಗುತ್ತ ಮಾಗುತ್ತ ಮಡಚಿಕೊಳ್ಳದಂತೆ ಕಾಯುವುದೂ ಇವರ ಕೆಲಸವೇ.

ಜಾಹೀರಾತಿಗೆ ಮರುಳಾಗುವವರಿಗೂ ಒಂದು ಮಾತು. ಫಿಸಿಯೋಥೆರಪಿಯೆಂದರೆ ಯಂತ್ರದ ಕೆಳಗೆ ಇಪ್ಪತ್ತು ನಿಮಿಷ ಮಲಗಿ ಎದ್ದು ಬರುವುದಲ್ಲ. ಶಾಖವೂ ವಿದ್ಯುತ್ತೂ ನೋವನ್ನು ತಾತ್ಕಾಲಿಕವಾಗಿ ತಗ್ಗಿಸಿ ವ್ಯಾಯಾಮಕ್ಕೆ ದಾರಿ ಮಾಡುತ್ತವೆಯೇ ಹೊರತು ವ್ಯಾಯಾಮದ ಸ್ಥಾನವನ್ನು ತಾವು ತುಂಬಲಾರವು. ದಿನಕ್ಕಿಷ್ಟು ಎಂದು ಹಣ ಪಡೆದು, ಮನೆಯಲ್ಲಿ ಮಾಡಬೇಕಾದ ಒಂದು ವ್ಯಾಯಾಮವನ್ನೂ ಕಲಿಸದೆ ಕಳುಹಿಸುವ ಕಡೆ ಮುಂದುವರಿಯುವ ಮೊದಲು ಯೋಚಿಸಬೇಕು. ಈ ವಿದ್ಯೆಗೆ ನಾಲ್ಕು ವರ್ಷಕ್ಕೂ ಮೀರಿದ ಪದವಿ ಶಿಕ್ಷಣವುಂಟು. 2021ರಲ್ಲಿ ಸಂಸತ್ತು ಅಂಗೀಕರಿಸಿದ ಸಂಬಂಧಿತ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಶಾಸನವು ಇದನ್ನೂ ಒಳಗೊಂಡಿದೆ. 'ತಾವು ಪದವೀಧರರೇ, ನೋಂದಾಯಿತರೇ' ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ. ಉಳುಕು ತೆಗೆಯುತ್ತೇನೆಂದು ಕುತ್ತಿಗೆಯನ್ನು ಝಾಡಿಸಿ ತಿರುಗಿಸುವವರ ಕೈಗೆ ತಲೆಯನ್ನು ಒಪ್ಪಿಸುವ ಧೈರ್ಯವನ್ನಂತೂ ಯಾರೂ ಮಾಡಬಾರದು.

ಇಷ್ಟು ಹೇಳಿದ ಮೇಲೆ ಓದುಗರು ನಮ್ಮನ್ನು ಕೇಳುವುದು ಸಹಜ: 'ಹೋಗಬೇಕೆಂಬುದು ಸರಿ, ಹಣವೆಲ್ಲಿ, ಬಿಡುವೆಲ್ಲಿ?' ಇದೇ ಈ ಲೇಖನದ ಜೀವಾಳ. ಹಣದ ಪ್ರಶ್ನೆಗೆ ಉತ್ತರವಾಗಿ ಕಾರ್ಮಿಕರ ರಾಜ್ಯ ವಿಮಾ ಯೋಜನೆಯು, ಅಂದರೆ ಎಲ್ಲರೂ ಇ.ಎಸ್.ಐ. ಎನ್ನುವುದು, ದೇಶದಲ್ಲಿ 1952ರಿಂದಲೂ ಇದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಂತೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ಇದರ ವ್ಯಾಪ್ತಿಗೆ ಬರುತ್ತವೆ. ಹೋಟೆಲುಗಳು ಇದಕ್ಕೆ ಹೊರತಲ್ಲ. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಸ್ವಇಚ್ಛೆಯಿಂದ ಸೇರಬಹುದು. 2017ರಲ್ಲಿ ಗೊತ್ತುಮಾಡಿದ ಪಗಾರದ ಮಿತಿ ತಿಂಗಳಿಗೆ 21,000 ರೂಪಾಯಿ. 2019ರ ಜುಲೈಯಲ್ಲಿ ಇಳಿಸಿದ ದರದಂತೆ ಕಾರ್ಮಿಕನ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲಿಕನದು ಮೂರೂಕಾಲು ರೂಪಾಯಿ. 15,000 ರೂಪಾಯಿ ಪಗಾರದವನು ತಿಂಗಳಿಗೆ ಕೊಡಬೇಕಾದದ್ದು 113 ರೂಪಾಯಿ, ಮಾಲಿಕರು ಕೊಡಬೇಕಾದದ್ದು 488 ರೂಪಾಯಿ. ಇದಕ್ಕೆ ಪ್ರತಿಯಾಗಿ ಕಾರ್ಮಿಕನಿಗೂ ಅವನ ಸಂಸಾರಕ್ಕೂ ವೈದ್ಯಕೀಯ ಚಿಕಿತ್ಸೆ ದೊರೆಯುತ್ತದೆ. ವೈದ್ಯರು ಅವಶ್ಯವೆಂದು ಬರೆದ ಫಿಸಿಯೋಥೆರಪಿಯೂ ಚಿಕಿತ್ಸೆಯ ಭಾಗವೇ. ನಾಶಿಕದ ಸಾತಪುರದಲ್ಲಿಯೂ ಸಂಭಾಜಿನಗರದ ಚಿಕಲಠಾಣಾದಲ್ಲಿಯೂ ಈ ಯೋಜನೆಯ ಆಸ್ಪತ್ರೆಗಳಿವೆ.

ಬಿಡುವಿನ ದಿವಸಗಳ ಪಗಾರಕ್ಕೂ ಇದರಲ್ಲಿ ಏರ್ಪಾಡಿದೆ. ಕಾಯಿಲೆಯ ರಜೆಗೆ, ನಿಯಮಿತ ದಿವಸಗಳ ವಂತಿಗೆ ಸಲ್ಲಿಸಿದ್ದರೆ, ವರ್ಷದಲ್ಲಿ 91 ದಿವಸಗಳ ತನಕ ಪಗಾರದ ನೂರಕ್ಕೆ 70ರಂತೆ ಸಿಗುತ್ತದೆ. ಕೆಲಸದಲ್ಲಿರುವಾಗ ಪೆಟ್ಟಾದರೆ ದುಡಿಯಲಾಗದ ಅವಧಿಗೆ ನೂರಕ್ಕೆ 90ರಂತೆ ಸಿಗುತ್ತದೆ. ಇದಕ್ಕೆ ಹಿಂದೆ ಇಷ್ಟು ದಿವಸ ವಂತಿಗೆ ಸಲ್ಲಿಸಿರಬೇಕೆಂಬ ಕಟ್ಟಳೆಯೂ ಇಲ್ಲ. ಮೇಲೆ ಹೇಳಿದ 15,000 ರೂಪಾಯಿಯವನಿಗೆ ಮೊದಲನೆಯದರಲ್ಲಿ ದಿನಕ್ಕೆ ಸುಮಾರು 350 ರೂಪಾಯಿಯೂ ಎರಡನೆಯದರಲ್ಲಿ 450 ರೂಪಾಯಿಯೂ ಆಯಿತು. ಮೋರಿಯ ಬಳಿ ಜಾರಿ ಬಿದ್ದವನದು ಕೆಲಸದ ಪೆಟ್ಟು. ಆದುದರಿಂದ ಬಿದ್ದ ದಿವಸವೇ ಅದನ್ನು ಅಪಘಾತದ ಪುಸ್ತಕದಲ್ಲಿ ಬರೆಯಿಸಿ ವರದಿ ಕಳುಹಿಸುವುದು ಮುಖ್ಯ. 'ಮನೆಯಲ್ಲಿ ಬಿದ್ದೆ' ಎಂದು ಆಸ್ಪತ್ರೆಯಲ್ಲಿ ಹೇಳಿಬಿಡುವ ಸಂಕೋಚದ ಸ್ವಭಾವವು ನಮ್ಮ ಹುಡುಗರಿಗೆ ಬಹಳ ನಷ್ಟ ತಂದಿದೆ.

ಹೋಟೆಲು ಮಾಲಿಕರಲ್ಲಿ ನಮ್ಮ ನಿವೇದನೆಯು ನೇರವಾದದ್ದು. ನಾವೂ ಆ ಗಲ್ಲೆಯ ಹಿಂದೆ ಕುಳಿತವರಾದ್ದರಿಂದ ಅವರ ಕಷ್ಟಗಳನ್ನು ಅರಿಯದವರಲ್ಲ. ಅನಿಲದ ಬೆಲೆ, ಜಾಗದ ಬಾಡಿಗೆ, ಒಬ್ಬ ಕೆಲಸಗಾರ ಬಿಟ್ಟರೆ ಇನ್ನೊಬ್ಬನನ್ನು ಹುಡುಕುವ ತಾಪತ್ರಯ ಎಲ್ಲವೂ ನಿಜ. ಆದರೆ ಹದಿನಾಲ್ಕು ಮಂದಿ ದುಡಿಯುವ ಹೋಟೆಲಿನ ಪುಸ್ತಕದಲ್ಲಿ ಒಂಬತ್ತೇ ಹೆಸರುಗಳಿರುವುದು ಉಳಿತಾಯವಲ್ಲ, ಅನ್ಯಾಯ. ಪುಸ್ತಕದಲ್ಲಿಲ್ಲದ ಐವರಲ್ಲಿ ಒಬ್ಬನ ಕೈ ಮುರಿದ ದಿವಸ ಆ ಅನ್ಯಾಯವು ಬೀದಿಗೆ ಬರುತ್ತದೆ. ವ್ಯಾಪಾರದ ದೃಷ್ಟಿಯಿಂದ ನೋಡಿದರೂ, ಹತ್ತು ವರ್ಷ ಪಳಗಿದ ಭಟ್ಟರನ್ನು ಕಳೆದುಕೊಳ್ಳುವುದಕ್ಕಿಂತ ಎರಡು ತಿಂಗಳು ಮಧ್ಯಾಹ್ನ ಮೂರರಿಂದ ಐದರ ತನಕ ಬಿಡುವು ಕೊಡುವುದು ಅಗ್ಗ. ಆ ಹೊತ್ತಿನಲ್ಲಿ ಗಿರಾಕಿಗಳೂ ಕಡಿಮೆ. ಹಿಟ್ಟಿನ ಹಂಡೆಯನ್ನು ನೆಲದ ಮೇಲಿಡದೆ ಸೊಂಟದ ಎತ್ತರದ ಕಟ್ಟೆಯ ಮೇಲಿಡುವುದು, ಒಂದು ದೊಡ್ಡ ಹಂಡೆಯ ಬದಲು ಎರಡು ಚಿಕ್ಕವನ್ನು ಬಳಸುವುದು, ಸಿಲಿಂಡರಿಗೆ ಚಕ್ರದ ಗಾಡಿಯನ್ನು ಕೊಳ್ಳುವುದು, ಮೋರಿಯ ಬಳಿ ಜಾರದ ಹಾಸನ್ನು ಹಾಕುವುದು, ಇವುಗಳಿಗೆ ತಗಲುವ ವೆಚ್ಚವು ಒಂದು ದಿವಸದ ಗಲ್ಲೆಯನ್ನೂ ಮುಟ್ಟಲಾರದು. ನಾಶಿಕದಲ್ಲಿ 2026-27ರ ಸಿಂಹಸ್ಥ ಕುಂಭಮೇಳವು ಹೋಟೆಲುಗಳ ಮೇಲೆ ಹೊರಿಸುವ ದುಡಿಮೆಯ ಭಾರವನ್ನು ನೆನೆದರೆ, ಈ ಏರ್ಪಾಡುಗಳನ್ನು ಮುಂದೂಡುವುದಕ್ಕೆ ಯಾವ ಸಮರ್ಥನೆಯೂ ಕಾಣದು.

ಎರಡೂ ನಗರಗಳ ಕನ್ನಡ ಸಂಘಗಳಿಗೂ ಇಲ್ಲಿ ಕೆಲಸವಿದೆ. ರಾಜ್ಯೋತ್ಸವವನ್ನೂ ನಾಟಕವನ್ನೂ ನಡೆಸುವ ಉತ್ಸಾಹದ ಒಂದಂಶವನ್ನು ಇತ್ತ ತಿರುಗಿಸಿದರೆ ಮಹದುಪಕಾರವಾಗುತ್ತದೆ. ಊರಿನಿಂದ ಬಂದು ಆರು ತಿಂಗಳಾದ ಹುಡುಗನಿಗೆ ಮರಾಠಿಯೂ ಹಿಂದಿಯೂ ಅರ್ಧಂಬರ್ಧ. ಔಷಧದ ಮಾತ್ರೆಯು ಭಾಷೆ ತಿಳಿಯದಿದ್ದರೂ ಹೊಟ್ಟೆಯಲ್ಲಿ ತನ್ನ ಕೆಲಸ ಮಾಡೀತು. ವ್ಯಾಯಾಮವು ಮಾತು ತಿಳಿಯದಿದ್ದರೆ ಏನನ್ನೂ ಮಾಡದು, ತಪ್ಪಾಗಿ ಮಾಡಿದರೆ ಕೆಡುಕನ್ನೂ ಮಾಡೀತು. ಆದುದರಿಂದ ವಾರಕ್ಕೊಂದು ದಿವಸ ರೋಗಿಯ ಜೊತೆಗೆ ಹೋಗಿ ಮಾತನ್ನು ತಿಳಿಯಹೇಳುವ ಇಬ್ಬರು ಸ್ವಯಂಸೇವಕರನ್ನು ಪ್ರತಿ ಸಂಘವೂ ಗೊತ್ತುಮಾಡಲಿ. ಮೇಲೆ ಹೇಳಿದ ಕಾಲೇಜುಗಳನ್ನು ಪ್ರಾರ್ಥಿಸಿ ವರ್ಷಕ್ಕೆರಡು ಶಿಬಿರಗಳನ್ನು ನಡೆಸಲಿ. ಸೆಪ್ಟೆಂಬರ್ 8 ವಿಶ್ವ ಫಿಸಿಯೋಥೆರಪಿ ದಿನವಾದ್ದರಿಂದ ಅಂದೇ ಆರಂಭಿಸಬಹುದು. ಭಾರ ಎತ್ತುವ ಕ್ರಮವನ್ನೂ ಸೊಂಟದ ಐದಾರು ವ್ಯಾಯಾಮಗಳನ್ನೂ ತಜ್ಞರಿಂದ ಕೇಳಿ ಚಿತ್ರಸಹಿತ ಕನ್ನಡದಲ್ಲಿ ಅಚ್ಚುಹಾಕಿಸಿ ಪ್ರತಿ ಹೋಟೆಲಿನ ಕೆಲಸಗಾರರ ಕೋಣೆಯಲ್ಲಿ ಅಂಟಿಸಲಿ.

ನಮ್ಮವರ ಮಕ್ಕಳಲ್ಲಿ ಹನ್ನೆರಡನೆಯ ತರಗತಿಯಲ್ಲಿ ವಿಜ್ಞಾನ ಓದುವವರು ಹಲವರಿದ್ದಾರೆ. ವೈದ್ಯರಾಗಲಾಗಲಿಲ್ಲವೆಂದು ಮುಖ ಬಾಡಿಸಿಕೊಂಡವರಿಗೂ, ಮೊದಲಿನಿಂದಲೇ ದಾರಿ ಹುಡುಕುತ್ತಿರುವವರಿಗೂ ಇದು ಗೌರವದ ವೃತ್ತಿ. ನಾಶಿಕದಲ್ಲಿ ಹುಟ್ಟಿ ಬೆಳೆದ ಹೋಟೆಲಿನವರ ಮಗಳೊಬ್ಬಳು ಈ ವಿದ್ಯೆಯನ್ನು ಕಲಿತರೆ ಕನ್ನಡ, ತುಳು, ಮರಾಠಿ, ಹಿಂದಿ ನಾಲ್ಕರಲ್ಲಿಯೂ ರೋಗಿಗೆ ಧೈರ್ಯ ಹೇಳಬಲ್ಲಳು. ತಂದೆಯ ಸೊಂಟನೋವನ್ನು ನೋಡುತ್ತಲೇ ಬೆಳೆದವಳಿಗೆ ಈ ಕಸಬಿನ ಅಗತ್ಯವನ್ನು ಬೇರೆಯವರು ಹೇಳಿಕೊಡಬೇಕಾದ್ದಿಲ್ಲ.

ಕೊನೆಯದಾಗಿ ದುಡಿಯುವ ಬಂಧುಗಳಿಗೇ ನಾಲ್ಕು ಮಾತು. ಈ ಚಿಕಿತ್ಸೆಯಲ್ಲಿ ಅರ್ಧ ಕೆಲಸ ಫಿಸಿಯೋಥೆರಪಿಸ್ಟರದು, ಅರ್ಧ ನಿಮ್ಮದು. ಮೂರು ದಿವಸ ಹೋಗಿ ನೋವು ತಗ್ಗಿತೆಂದು ಬಿಟ್ಟುಬಿಡುವುದು, ಮನೆಯಲ್ಲಿ ಮಾಡಬೇಕಾದ ವ್ಯಾಯಾಮವನ್ನು ನಾಳೆಗೆ ತಳ್ಳುವುದು ನಮ್ಮಲ್ಲಿ ಸಾಮಾನ್ಯ. ಮೊದಲಿಗೆ ಸ್ವಲ್ಪ ನೋವಾಗಬಹುದು. ಎಷ್ಟು ನೋವು ಸಹಜ, ಎಷ್ಟಾದರೆ ನಿಲ್ಲಿಸಬೇಕು ಎಂಬುದನ್ನು ಮೊದಲ ದಿವಸವೇ ಕೇಳಿ ತಿಳಿದುಕೊಳ್ಳಿರಿ. ನಿಮ್ಮ ಇ.ಎಸ್.ಐ. ಸಂಖ್ಯೆ ಏನೆಂದು ಈ ವಾರವೇ ಮಾಲಿಕರನ್ನು ಅಥವಾ ಮ್ಯಾನೇಜರರನ್ನು ಕೇಳಿರಿ. ಸಂಖ್ಯೆಯಿದ್ದರೆ ಬರೆದಿಟ್ಟುಕೊಳ್ಳಿರಿ, ಇಲ್ಲದಿದ್ದರೆ ಏಕಿಲ್ಲವೆಂದು ವಿನಯದಿಂದಲೇ, ಆದರೆ ಉತ್ತರ ಸಿಗುವ ತನಕ, ಕೇಳಿರಿ. ಮನೆಯಲ್ಲೆಲ್ಲಾದರೂ ವೈದ್ಯರ ಹಳೆಯ ಚೀಟಿ ಬಿದ್ದಿದ್ದರೆ ತೆಗೆದು ಅದರ ಕೊನೆಯ ಸಾಲನ್ನು ಓದಿಸಿ ನೋಡಿರಿ. ಅಲ್ಲಿ ಬರೆದಿರುವ ಚಿಕಿತ್ಸೆಯನ್ನು ಪಡೆಯುವುದು ಯಾರ ಉಪಕಾರವೂ ಅಲ್ಲ. ಅದು ನಿಮ್ಮ ದುಡಿಮೆಯಿಂದಲೇ ನೀವು ಸಂಪಾದಿಸಿದ ಹಕ್ಕು.